ಬನ್ನಿಗಿಡದ ಓಣಿ ವೇದಿಕೆ ಏರಿದ್ದು

“ವೇದಿಕಿ ಮ್ಯಾಲೆ ಮೂರ ಮಂದಿ! ನಾಕನೇದವ ಸಾಕ್ಷಾತ್ ಬ್ರಹ್ಮದೇವ ಬಂದ್ರೂ ಕೆಳಗ ಕೂಡಬೇಕು!”

ಪಂಢರಿನಾಥರು ಈ ಘನಘೋಷಣೆ ಮಾಡಿದ್ದು ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು. ಒಳಗೆ ಹೋಗಿ ಘೋಷಿಸಲು ದಾರಿ ಇರಲಿಲ್ಲ. ದಾರಿಯಲ್ಲಿ ಇತಿಹಾಸ ಅಡ್ಡ ಬಿದ್ದಿತ್ತು. ಹುಬ್ಬಳ್ಳಿಯ ರೈಲ್ವೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಬರೆದು, ತಾವೇ ಅಚ್ಚು ಹಾಕಿಸಿದ ‘ಬನ್ನಿಗಿಡದ ಓಣಿಯ ಸಮಗ್ರ ಇತಿಹಾಸ, ಸಂಪುಟ ಒಂದು’ ಹಿಂದಿನ ದಿನವಷ್ಟೇ ಗಂಟುಗಂಟಾಗಿ ಮನೆಗೆ ಬಂದು, ದಿವಾನದ ಕೆಳಗೆ ತುಂಬಿ, ಫ್ರಿಜ್ಜಿನ ನೆತ್ತಿ ಏರಿ, ಉಳಿದದ್ದು ಅಡಿಗೆಮನೆಗೆ ದಂಡೆತ್ತಿ ಹೋಗಿತ್ತು.

ಓಣಿಯೇನು ದೊಡ್ಡದಲ್ಲ. ಈ ತುದಿಗೆ ಸೀನಿದರೆ ಆ ತುದಿಯವರು ‘ಶತಾಯುಷಿ’ ಎನ್ನುತ್ತಾರೆ. ಆದರೆ ಪುಸ್ತಕ ದಪ್ಪ! ತಲೆದಿಂಬು ಮಾಡಿಕೊಂಡರೆ ಕುತ್ತಿಗೆ ಉಳುಕಬೇಕು. ಓಣಿಯ ಪ್ರತಿ ಮನೆ, ಪ್ರತಿ ಕಟ್ಟೆ, ಮುಚ್ಚಿಹೋದ ಬಾವಿ, ಆ ಬಾವಿಗೆ ಬಿದ್ದವರು, ಬಿದ್ದವರನ್ನು ಎತ್ತಿದವರು, ಎತ್ತುವಾಗ ಸುಮ್ಮನೆ ನಿಂತು ನೋಡಿದವರು ಎಲ್ಲರೂ ಅದರಲ್ಲಿದ್ದರು. “ಒಂದ ನರಪಿಳ್ಳಿ ಬಿಟ್ಟಿಲ್ಲ!” ಎಂಬುದು ಲೇಖಕರ ಹೆಮ್ಮೆ. ಪುಸ್ತಕದ ಪ್ರೂಫು ತಿದ್ದಿಕೊಟ್ಟ ಹೆಂಡತಿ ಲಕ್ಷ್ಮೀಬಾಯಿ ಆ ಮಾತು ಬಂದಾಗಲೆಲ್ಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

“ಮೂರ ಮಂದಿ ಅಂದ್ರ ಯಾರ್ಯಾರ್ರಿ?” ಒಗ್ಗರಣೆಯ ಹೊಗೆಯಾಚೆಯಿಂದ ಲಕ್ಷ್ಮೀಬಾಯಿಯ ಧ್ವನಿ ಬಂತು.

“ಬಿಡುಗಡಿ ಮಾಡಲಿಕ್ಕೆ ಧಾರವಾಡದ ಪ್ರಾಚಾರ್ಯರು. ಅಧ್ಯಕ್ಷತಾ ನಮ್ಮ ಓಣಿ ಹಿರ್ಯಾರು ಗುರುಸಿದ್ದಯ್ಯನವರು. ಮತ್ತ ನಾನು. ಒಂದ ತಾಸು, ಖಲಾಸ್! ಗೋಕುಲ ರಸ್ತೆದ ಹಾಲ್ ತುಂಬಿ ತುಳುಕತದ, ನೋಡಾಕೀಯಂತ.”

“ತುಳುಕಸವರು ಯಾರು?”

ಈ ಒಂದು ಪ್ರಶ್ನೆ ಪಂಢರಿನಾಥರ ಮರ್ಮಕ್ಕೆ ತಾಕಿತು. “ತುಂಬಲಿಲ್ಲಂದ್ರ ಎರಡನೇ ಸಂಪುಟ ಬರಿಯೂದಿಲ್ಲ! ಪೆನ್ನು ಕೆಳಗ ಇಟ್ಟಬಿಡತೇನಿ!”

ಲಕ್ಷ್ಮೀಬಾಯಿ ಗ್ಯಾಸು ಸಣ್ಣ ಮಾಡಿದರು. “ಮಾತಿಗೆ ತಪ್ಪಬ್ಯಾಡ್ರಿ ಮತ್ತ. ನಂಗ ಹಿಟ್ಟಿನ ಡಬ್ಬಿ ಇಡಲಿಕ್ಕೆ ಜಾಗಾ ಬೇಕಾಗ್ಯದ.”

ಪಂಢರಿನಾಥರು ದುಡುಕಿ ಆಡಿಬಿಟ್ಟಿದ್ದರು. ಎರಡನೇ ಸಂಪುಟವೆಂದರೆ ಅವರಿಗೆ ಜೀವ. ಅದೂ ಇಲ್ಲದಿದ್ದರೆ ನಿವೃತ್ತ ಮನುಷ್ಯ ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದ ತನಕ ಮಾಡುವುದೇನು? ಮೆಂತೆಸೊಪ್ಪು ಸೋಸಬೇಕಾಗುತ್ತದೆ! ಹಾಲ್ ತುಂಬಲೇಬೇಕಿತ್ತು.

ಆಮಂತ್ರಣ ಪತ್ರಿಕೆ ಓಣಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಅದರ ಹಿಂದೆಯೇ, ಚಪ್ಪಲಿ ಸಪ್ಪಳ ಮಾಡುತ್ತ, ಕಿರಾಣಿ ಅಂಗಡಿಯ ಶಾಂತಯ್ಯ ಬಂದ.

“ಪಂಢರಿ ಕಾಕಾ, ನಮ್ಮಜ್ಜ ನಿಮ್ಮ ಪುಸ್ತಕದಾಗ ಅದಾನೋ ಇಲ್ಲೋ?”

“ಅದಾನಪಾ! ಓಣಿಗೆ ಮೊದಲ ತಕ್ಕಡಿ ತಂದಾಂವ. ಮೂರು ಪುಟ ಬರದೇನಿ.”

“ಅಜ್ಜ ಇತಿಹಾಸದಾಗ, ಮೊಮ್ಮಗ ಪ್ಲಾಸ್ಟಿಕ್ ಖುರ್ಚ್ಯಾಗ! ಮಂದಿ ಏನಂದಾರು? ‘ಶಾಂತಯ್ಯಾ, ನಿನ್ನ ಕೆಳಗ ಕುಂದ್ರಿಸ್ಯಾರಲ್ಲೋ, ನಿಮ್ಮಜ್ಜನ ತಕ್ಕಡಿ ಖೋಟಾ ಇತ್ತೇನು?’ ಅಂತಾರ. ನಾಳೆ ಒಂದು ಕೇಜಿ ಸಕ್ಕರಿ ಖಪ್ಪಂಗಿಲ್ಲ ನಂದು!”

ಸಕ್ಕರೆಯ ವಿಷಯ ಕಹಿಯಾಗುತ್ತಿತ್ತು. ಪಂಢರಿನಾಥರು ಗಲ್ಲ ಕೆರೆದುಕೊಂಡು ಯೋಚಿಸಿ, ಕೊನೆಗೊಂದು ಬ್ರಹ್ಮಾಸ್ತ್ರ ತೆಗೆದರು. ಅದನ್ನು ಅಂದೇ ಗುಂಪಿನಲ್ಲಿ ದಪ್ಪಕ್ಷರದಲ್ಲಿ ಹಾಕಿದರು: ‘ಯಾರ ಹೆಸರು ಅಥವಾ ಮನೆತನ ಗ್ರಂಥದಲ್ಲಿ ಉಲ್ಲೇಖವಾಗಿದೆಯೋ ಅವರಿಗಷ್ಟೇ ವೇದಿಕೆ. ಉಳಿದವರಿಗೆ ಸಭಾಂಗಣ.’

“ಹೆಂಗದ? ಇನ್ನ ಯಾರೂ ಪಿಟಕ್ ಅನ್ನೂಹಂಗಿಲ್ಲ!” ಎಂದರು ಹೆಂಡತಿಗೆ.

“ಛಲೋ ಅದ. ಆದ್ರ ಉಳದವರು ಅಂದ್ರ ಯಾರ್ರಿ?”

“ಉಳದವರು ಅಂದ್ರ… ಉಳದವರು!”

ಲಕ್ಷ್ಮೀಬಾಯಿ ಕನ್ನಡಕ ಒರೆಸಿಕೊಂಡರು.

ಒಂದು ನರಪಿಳ್ಳೆಯನ್ನೂ ಬಿಡದೆ ಪುಸ್ತಕ ಬರೆದ ಮನುಷ್ಯ, ಪುಸ್ತಕದಲ್ಲಿದ್ದವರೆಲ್ಲ ವೇದಿಕೆಗೆ ಎಂದು ಬರೆಯಬಾರದು. ಬರೆದಾಗಿತ್ತು! ಮರುದಿನದಿಂದ ಶುರುವಾದದ್ದು ಎರಡನೇ ಸಂಪುಟವಲ್ಲ, ಸಂಪುಟ ವಿಸ್ತರಣೆ. ಖಾತೆಗಾಗಿ ಶಾಸಕರು ಮುತ್ತಿದಂತೆ ಓಣಿ ಮುತ್ತಿತು. ಆಮಂತ್ರಣ ಪತ್ರಿಕೆಯಲ್ಲಿ ‘ಉಪಸ್ಥಿತಿ’ ತುಂಬಿತು. ಅದರ ಕೆಳಗೆ ‘ಗೌರವ ಉಪಸ್ಥಿತಿ’ ಹುಟ್ಟಿತು. ಬಳಿಕ ‘ವಿಶೇಷ ಉಪಸ್ಥಿತಿ’, ‘ಘನ ಉಪಸ್ಥಿತಿ’. ಬಾಕಿ ಉಳಿದದ್ದು ಲೇಖಕರ ದುಃಸ್ಥಿತಿ ಒಂದೇ.

ಓಣಿಯ ಹಿರಿಯಜ್ಜಿ ಶಿವಲಿಂಗವ್ವ ಕೋಲೂರುತ್ತ ಬಂದಳು. “ಯಪ್ಪಾ, ನನ್ನ ಎಮ್ಮಿ ಸುದ್ದಿ ಬರದೀಯಂತಲ್ಲೋ?”

“ಹೌದವ್ವಾ. ಗೌರಿ ಅಂತ ಹೆಸರು ಸುದ್ಧಾ ಹಾಕೇನಿ. ಮಾರವಾಡಿ ಮದುವಿ ಪೆಂಡಾಲ್ ಕೆಡವಿದ ಕಥಿ ಪೂರಾ ಅದ.”

“ಗೌರಿ ತೀರಿಕೊಂಡು ಭಾಳ ದಿನಾ ಆತು. ಆಕೀ ಪರವಾಗಿ ನಾ ಕುಂದ್ರತೇನಿ. ಮುಂದಿನ ಸಾಲಿನ್ಯಾಗ ಹಾಕು, ನನಗ ಕಣ್ಣು ಮಂಜು.”

ಎಮ್ಮೆಯ ಪ್ರತಿನಿಧಿಗೆ ಇಲ್ಲವೆನ್ನಲು ಯಾವ ಇತಿಹಾಸಕಾರನಿಗೆ ಧೈರ್ಯ ಬಂದೀತು? ‘ಘನ ಉಪಸ್ಥಿತಿ’ಯಲ್ಲಿ ಶಿವಲಿಂಗವ್ವನ ಹೆಸರು ಸೇರಿತು.

ಶಾಮಿಯಾನ, ಮೈಕು, ಖುರ್ಚಿಯ ಕೆಲಸ ಅದೇ ಓಣಿಯ ನಿಜಾಮುದ್ದೀನನದು. ಕಾರ್ಯಕ್ರಮದ ದಿನ ಹಾಲಿನಲ್ಲಿ ಆತ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಮೂರ ಖುರ್ಚಿ ಅಂದಿದ್ರಿ ಕಾಕಾ. ಈಗ ನೋಡಿದ್ರ ಸ್ಟೇಜ್ ಸಾಲವಲ್ದು. ಮುಂದ ಕಟ್ಟಿಗಿ ಬೆಂಚು ಜೋಡಿಸೇನಿ. ಇನ್ನೊಂದೀಟು ಜೋಡಿಸಿದ್ರ ಸ್ಟೇಜ್ ಗೋಕುಲ ರೋಡಿಗೆ ಹೋಗತೈತಿ.”

“ಹೆಂಗರ ಮಾಡಿ ಹಿಡಿಸೋ ಮಾರಾಯಾ.”

“ಹಿಡಸ್ತೇನ್ರಿ. ಮತ್ತ ನಾನೂ ಮ್ಯಾಲೆ ಬರಾಂವ ಹೌದಲ್ರಿ? ನಮ್ಮ ಅಬ್ಬಾ ಮೊದಲ ಮೈಕ್ ತಂದಿದ್ದು ಬರದೀರಿ.”

ಜನ ಬಂದರು. ಬಂದರೆಂದರೆ ಎಂಥ ಬರುವಿಕೆ! ಜರಿಯ ಸೀರೆ, ಇಸ್ತ್ರಿಯ ಅಂಗಿ, ಹಣೆತುಂಬ ವಿಭೂತಿ, ಅತ್ತರಿನ ಘಮಘಮ. ಬನ್ನಿಗಿಡದ ಓಣಿಯ ಒಂದು ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿರಲಿಲ್ಲ, ಎಲ್ಲದಕ್ಕೂ ಹೊರಗಿನಿಂದ ಕೀಲಿ. ಪಂಢರಿನಾಥರು ಬಾಗಿಲಲ್ಲಿ ನಿಂತು ಗುಲಾಬಿ ನೀರು ಚಿಮುಕಿಸಿದ್ದೇ ಚಿಮುಕಿಸಿದ್ದು. ಹಾಲ್ ತುಂಬಿತು, ಎರಡನೇ ಸಂಪುಟ ಗೆದ್ದಿತು!

ಜನ ಒಳಗೆ ಬಂದರು, ಸಭಾಂಗಣವನ್ನು ದಾಟಿದರು, ನೆಟ್ಟಗೆ ಮೆಟ್ಟಿಲು ಹತ್ತಿದರು. ಮೇಲೆ ಖುರ್ಚಿ ಸಾಲದೆ ಕೆಳಗಿನ ಖುರ್ಚಿಗಳನ್ನು ತಾವೇ ತಲೆಯ ಮೇಲೆ ಹೊತ್ತುಕೊಂಡು ಹೋದರು. ವೇದಿಕೆ ಹಬ್ಬದ ದಿನದ ಬಸ್ಸಿನಂತಾಯಿತು. ಧಾರವಾಡದ ಪ್ರಾಚಾರ್ಯರು ಶಾಂತಯ್ಯನ ಮೊಣಕೈ ಮತ್ತು ಶಿವಲಿಂಗವ್ವನ ಕೋಲಿನ ನಡುವೆ ಎಲ್ಲೋ ಇದ್ದರು. ಅವರ ಪೇಟವಷ್ಟೇ ಕಾಣುತ್ತಿತ್ತು. ಅಧ್ಯಕ್ಷ ಗುರುಸಿದ್ದಯ್ಯನವರದು ಅದೂ ಕಾಣುತ್ತಿರಲಿಲ್ಲ.

ವೇದಿಕೆಯ ಮೇಲಿದ್ದವರ ಹೆಸರು ಓದಿ ಸ್ವಾಗತಿಸುವಷ್ಟರಲ್ಲಿ ಒಂದು ತಾಸು ಮುಗಿಯಿತು. ತಮ್ಮ ಹೆಸರಿಗೆ ತಾವೇ ಚಪ್ಪಾಳೆ ತಟ್ಟಿಕೊಳ್ಳಬೇಕಾದ ಮಹನೀಯರು ಒಬ್ಬರಿಗೊಬ್ಬರು ತಟ್ಟಿ ಸಹಕರಿಸಿದರು. ಪ್ರಾಚಾರ್ಯರು ಪುಸ್ತಕದ ಬಣ್ಣದ ಹಾಳೆ ಬಿಚ್ಚಿ, ಎತ್ತಿ ಹಿಡಿದು, ಮೈಕಿನ ಮುಂದೆ ನಿಂತರು. ಕೆಳಗೆ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

“ವೇದಿಕೆಯ ಮೇಲೆ ಆಸೀನರಾದ ಸಮಸ್ತ ಮಹಾಜನಗಳೇ… ಮತ್ತು ಸಭೆಯಲ್ಲಿ ಕಿಕ್ಕಿರಿದ… ತಾಯಿಯವರೇ!”

ಆಗ ಪಂಢರಿನಾಥರು ಮೊದಲ ಸಲ ಕೆಳಗೆ ನೋಡಿದರು. ಇಡೀ ಹಾಲ್ ಸಾರಿಸಿದ ಅಂಗಳದಂತೆ ಬಟ್ಟಂಬಯಲು! ನಟ್ಟನಡುವೆ ಒಂದು ಖುರ್ಚಿ. ಅದರಲ್ಲಿ, ಮಡಿಲಲ್ಲಿ ಪರ್ಸಿಟ್ಟುಕೊಂಡು, ಲಕ್ಷ್ಮೀಬಾಯಿ.

ಪಂಢರಿನಾಥರು ದಿಗಿಲುಬಿದ್ದು ಮೈಕಿಗೆ ಬಾಯಿ ಹಚ್ಚಿದರು. “ಏ, ಅಲ್ಲೆ ಯಾಕ ಕೂತೀ? ಮ್ಯಾಲೆ ಬಾ!”

“ನಿಯಮ ನಿಮ್ದ ಅದನ್ರಿ,” ಎಂದರು ಲಕ್ಷ್ಮೀಬಾಯಿ. ಖಾಲಿ ಹಾಲಿನಲ್ಲಿ ಅವರಿಗೆ ಮೈಕು ಬೇಕಿರಲಿಲ್ಲ. “ಪುಸ್ತಕದಾಗ ಇದ್ದವರು ಮ್ಯಾಲೆ, ಉಳದವರು ಕೆಳಗ. ಉಳದವರು ಯಾರು ಅಂತ ಅವತ್ತ ಕೇಳಿದ್ದೆ.”

“ಹುಚ್ಚೀ, ನಮ್ಮ ಮದುವಿ ಬರದೇನಲ್ಲಾ!” ಪಂಢರಿನಾಥರು ಪ್ರಾಚಾರ್ಯರ ಕೈಯಿಂದ ಪುಸ್ತಕ ಕಸಿದು, ಪುಟ ತಿರುವಿ, ಗಟ್ಟಿಯಾಗಿ ಓದಿದರು: “‘ಇದೇ ವರ್ಷ ಲೇಖಕರ ವಿವಾಹ ಜರುಗಿತು. ಓಣಿಗೆ ಮೊದಲ ನಳ ಬಂದದ್ದೂ ಇದೇ ವರ್ಷ. ಸದರಿ ನಳವು…’”

ಮುಂದೆ ಎರಡು ಪುಟ ನಳದ್ದೇ. ಪಂಢರಿನಾಥರ ಧ್ವನಿ ನೀರು ನಿಂತ ನಳದಂತೆ ಗೊರಗೊರ ಎಂದು ನಿಂತಿತು.

“ನಳಾ ಹಿತ್ತಾಳಿದು ಅಂತ ಬರದೀರಿ. ಮದುವಿ ಯಾರ ಜೋಡಿ ಅಂತ ಬರದಿಲ್ಲ,” ಎಂದರು ಲಕ್ಷ್ಮೀಬಾಯಿ. “ಮೂರು ಸಲ ಪ್ರೂಫ್ ನೋಡೇನಿ. ಎಮ್ಮಿಗೆ ಸುದ್ಧಾ ಹೆಸರದ, ಗೌರಿ ಅಂತ.”

“ಹಾಲು ಛಲೋ ಕೊಡತಿತ್ತವಾ!” ಎಂದಳು ಶಿವಲಿಂಗವ್ವ ಮುಂದಿನ ಸಾಲಿನಿಂದ.

ಇಡೀ ವೇದಿಕೆ ನಕ್ಕಿತು. ಕಟ್ಟಿಗೆಯ ಬೆಂಚುಗಳು ಕಿರ್ರೆಂದವು. ಪಂಢರಿನಾಥರು ಕಿಸೆಯಿಂದ ಪೆನ್ನು ತೆಗೆದು, ಯುದ್ಧ ಸೋತ ರಾಜ ಖಡ್ಗವಿಡುವಂತೆ, ಪ್ರಾಚಾರ್ಯರ ಮುಂದಿನ ಮೇಜಿನ ಮೇಲಿಟ್ಟರು. “ಹಾಲ್ ತುಂಬಲಿಲ್ಲ. ಮಾತಂದ್ರ ಮಾತು. ಎರಡನೇ ಸಂಪುಟ ಬಂದ್.”

“ತಗೋರಿ ಅದನ್ನ,” ಲಕ್ಷ್ಮೀಬಾಯಿ ಎದ್ದು ನಿಂತರು. “ಬರೀರಿ ಎರಡನೇದು. ಆದ್ರ ನನ್ನೊಬ್ಬಾಕೀ ಮ್ಯಾಲೆ ಬರೀರಿ. ನಿಯಮ ಇದ ಇರಲಿ. ಆವಾಗ ಮ್ಯಾಲೆ ಒಂದ ಖುರ್ಚಿ, ಕೆಳಗ ಇಡೀ ಓಣಿ. ಹಾಲ್ ಹೆಂಗ ತುಂಬೂದಿಲ್ಲ ನಾನೂ ನೋಡತೇನಿ!”

ವೇದಿಕೆಯಿಂದ ಆ ದಿನದ ಮೊದಲ ಖರೇ ಚಪ್ಪಾಳೆ ಬಂತು. ಪಂಢರಿನಾಥರು ಪೆನ್ನಿಗೆ ಕೈ ಚಾಚಿದವರು ಹಾಗೇ ತಡೆದರು.

“ಒಂದ ಖುರ್ಚಿ ಅಂದ್ಯಲ್ಲಾ. ಮತ್ತ ನಾ?”

“ನೀವು ಬರಕೋರಿ ನಿಮ್ಮ ಹೆಸರು,” ಎಂದರು ಲಕ್ಷ್ಮೀಬಾಯಿ, ಕನ್ನಡಕ ಒರೆಸಿಕೊಳ್ಳುತ್ತ. “ಪ್ರೂಫ್ ನೋಡುವಾಗ ನಾ ವಿಚಾರ ಮಾಡತೇನಿ.”