ಪೆಟ್ಟಿಗೆ ಡಾಟ್ ಎಚ್ ಮತ್ತು ಲಾಲಸಾಬ ಚಾಚಾನ ವೈರು

ತಪ್ಪು ಕಂಡ ಕೂಡಲೇ ನನ್ನ ಬೆರಳು ಬೇರೆಯವರ ಕಡೆ ತಿರುಗುತ್ತದೆ. ನಾನೇ ಮಾಡಿದ ಸಾರು ಉಪ್ಪಾದರೂ ಡಬ್ಬಿಯೊಳಗಿನ ಚಮಚ ದೊಡ್ಡದು ಎನ್ನುತ್ತೇನೆ. "ಚಮಚಾ ಏನ್ ಮಾಡೀತ್ರಿ ಪಾಪ" ಎಂದು ಹೆಂಡತಿ ಅದರ ಪರ ವಹಿಸುತ್ತಾಳೆ. ಲಾಲಸಾಬ ಚಾಚಾನ ಪರ ವಹಿಸಲು ಅಂದು ಯಾರೂ ಇರಲಿಲ್ಲ.

ಸೊಲ್ಲಾಪುರ ರಸ್ತೆಯ ನಮ್ಮ ವರ್ಕ್‌ಶಾಪಿನಲ್ಲಿ ಒಣದ್ರಾಕ್ಷಿ ತೂಗಿ ಪೆಟ್ಟಿಗೆಗೆ ತುಂಬುವ ಯಂತ್ರ ತಯಾರಾಗುತ್ತದೆ. ವೈರಿಂಗ್ ಚಾಚಾನದು, ಲಿನಕ್ಸ್ ಮೇಲಿನ ಸಿ ಪ್ರೋಗ್ರಾಮು ನನ್ನದು. ಅದರಲ್ಲಿ ಒಂದು ಫೈಲು ತುಂಬಿಸುತ್ತದೆ, ಇನ್ನೊಂದು ಪರದೆಯ ಮೇಲೆ ತೋರಿಸುತ್ತದೆ. ಪೆಟ್ಟಿಗೆ ಎಷ್ಟು ಕಿಲೋದ್ದು ಎಂಬುದನ್ನು ಎರಡೂ 'ಪೆಟ್ಟಿಗೆ ಡಾಟ್ ಎಚ್' ಎಂಬ ಒಂದೇ ಹೆಡರ್ ಫೈಲಿನಿಂದ ಓದಿಕೊಳ್ಳುತ್ತವೆ.

ಕನಮಡಿಯ ಮಲ್ಲಪ್ಪಗೌಡರು ಯಂತ್ರ ನೋಡಲು ಬಂದವರು, "ಹತ್ತ ಕಿಲೋ ಬ್ಯಾಡ್ರಿ, ಹದಿನೈದು ಮಾಡ್ರಿ" ಎಂದರು. ಹೆಡರಿನಲ್ಲಿ ಹತ್ತು ಅಳಿಸಿ ಹದಿನೈದು ಬರೆದೆ. ಪರದೆಯ ಫೈಲಿನಲ್ಲೂ ಒಂದು ಅಕ್ಷರ ತಿದ್ದಿ, ಪ್ರೋಗ್ರಾಮು ಕಟ್ಟಿಕೊಡುವ 'ಮೇಕ್' ಓಡಿಸಿದೆ. ಬದಲಾದ ಫೈಲನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ, ಅಂದರೆ ಕಂಪ್ಯೂಟರಿನ ಭಾಷೆಗೆ ತಿರುಗಿಸುವ, ಮಿತವ್ಯಯಿ ಅದು. ಯಂತ್ರ ಹತ್ತು ಕಿಲೋಗೇ ನಿಂತಿತು, ಪರದೆ ಮಾತ್ರ ಹದಿನೈದು ಎಂದಿತು. ಇನ್ನೊಮ್ಮೆ ಮೇಕ್ ಓಡಿಸಿದರೆ, ಎಲ್ಲ ಹೊಸದಾಗಿಯೇ ಇದೆ, ಮಾಡುವುದೇನೂ ಇಲ್ಲ ಎಂದು ಉತ್ತರ ಬಂತು.

"ಚಾಚಾ ವೈರ್ ಸಡ್ಲ ಬಿಟ್ಟಾರ್ರಿ" ಎಂದುಬಿಟ್ಟೆ, ಗೌಡರ ಎದುರಿಗೇ.

ಚಾಚಾ ಇಡೀ ದಿನ ಕೂತು ಎಲ್ಲ ವೈರು ಬಿಚ್ಚಿ ಮತ್ತೆ ಬೆಸುಗೆ ಹಾಕಿದರು. ಯಂತ್ರ ಹತ್ತಕ್ಕೇ ನಿಂತಿತು.

ಮರುದಿನ ಮೊದಲೇ ಕಂಪೈಲ್ ಆಗಿ ಕೂತಿದ್ದ ಹಳೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದೆ. ಹದಿನೈದು ತುಂಬಿತು! ತುಂಬುವ ಫೈಲು ಆ ಹೆಡರನ್ನು ನೆಚ್ಚಿಕೊಂಡಿದೆ ಎಂದು ಮೇಕ್‌ಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು. ಯಾವ ಫೈಲು ಯಾವ ಹೆಡರನ್ನು ಓದುತ್ತದೆ, ಆ ಹೆಡರು ಮತ್ತಾವ ಹೆಡರನ್ನು ಎಳೆದು ತರುತ್ತದೆ ಎಂದು ಕೇಳಿದರೆ ಕಂಪೈಲರೇ ಪಟ್ಟಿ ಬರೆದುಕೊಡುತ್ತದೆ. ಕೇಳುವ ವ್ಯವಧಾನ ನನಗಿರಲಿಲ್ಲ. ನಾಚಿಕೆಯಾಯಿತು. ಚಾಚಾನ ಬಳಿ ಹೋಗಿ ತಪ್ಪಾಯಿತೆಂದೆ. "ಇರ್ಲಿ ಬಿಡ್ರಿ ಸರ, ವೈರ್ ಗಟ್ಟಿ ಆದ್ವು" ಎಂದು ನಕ್ಕರು. ಅಲ್ಲಿಗೆ ಮುಗಿಯಿತೆಂದು ನೆಮ್ಮದಿಯಿಂದ ಊಟ ಮಾಡಿದೆ.

ವಾರದ ಮೇಲೆ ಗೌಡರ ಫೋನು ಬಂತು. "ಸರ, ಮಷೀನ್ ಕಳಸ್ರಿ. ಆದ್ರ ಅದನ್ನ ಕೂಡ್ಸಾಕ ಆ ವೈರ್ ಸಡ್ಲ ಬಿಡೋ ಮನಷ್ಯಾನ್ನ ಕಳಸಬ್ಯಾಡ್ರಿ. ಬಿಜ್ಜರಗಿ ನಮ್ಮ ಬೀಗರೂ ಒಂದು ತಗೋತಾರ. ಆ ಮನಷ್ಯಾನ ಸುದ್ದಿ ಅವರಿಗೂ ಹೇಳೇನಿ."

ಎದುರಿನ ಮೇಜಿನ ಬಳಿ ಚಾಚಾ ಗೌಡರದೇ ಯಂತ್ರದ ತಿರುಪು ಬಿಗಿಯುತ್ತಿದ್ದರು. ನಾನು ತಿದ್ದಿದ್ದು ಒಂದು ಕಡೆ ಮಾತ್ರ, ಕನಮಡಿಯಲ್ಲೂ ಬಿಜ್ಜರಗಿಯಲ್ಲೂ ನನ್ನ ಹಳೆಯ ಮಾತೇ ಓಡುತ್ತಿದೆ.

"ಗೌಡ್ರ, ತಪ್ಪು ಚಾಚಾಂದಲ್ರಿ, ನಂದು" ಎಂದೆ, ಚಾಚಾಗೂ ಕೇಳುವಷ್ಟು ಗಟ್ಟಿಯಾಗಿ. "ನಿಮ್ಮ ಬೀಗರ ನಂಬರ್ ಕೊಡ್ರಿ. ಅವರು ಮತ್ಯಾರಿಗೆ ಹೇಳ್ಯಾರ್ರಿ?"

"ಅದನ್ನ ನಾ ಹ್ಯಾಂಗ ಹೇಳ್ಲಿರಿ?" ಎಂದರು ಗೌಡರು.

ಪೆನ್ನು ತೆಗೆದುಕೊಂಡೆ. ಯಾರು ಯಾರಿಗೆ ಹೇಳಿದರೆಂಬ ಈ ಪಟ್ಟಿಯನ್ನು ಕೈಯಿಂದಲೇ ಬರೆಯಬೇಕು.