ಜಗಲಿಯ ಮೇಲೊಂದು ಹಾಸ್ಟೆಲ್

ನನ್ನ ಹೆಂಡತಿಯ ಅಣ್ಣನ ಕೈಗೆ ನೀವು ಒಂದು ಆನೆಯನ್ನು ಕೊಟ್ಟು ನೋಡಿ. ಅದನ್ನು ಅಚ್ಚುಕಟ್ಟಾಗಿ ಮಡಚಿ, ಪೆಟ್ಟಿಗೆಯೊಳಗಿಟ್ಟು, ಸೊಂಡಿಲಿನ ಪಕ್ಕದಲ್ಲಿ ಒಂದು ಕೊಡೆಗೂ ಜಾಗ ಉಳಿಸಿ, ಮುಚ್ಚಳ ಹಾಕಿ, ಅದರ ಮೇಲೆ ಕೂತು ಎಲೆಯಡಿಕೆ ಹಾಕುತ್ತಾರೆ. ಆನೆ ಒಪ್ಪಬೇಕಲ್ಲ ಎನ್ನುತ್ತೀರಾ? ಮೀಸೆ ಹೊತ್ತ ಹೈಸ್ಕೂಲು ಮಾಸ್ತರನಾದ ನನ್ನನ್ನು ಹತ್ತು ದಿನ ಬೀದರದ ಹುಡುಗಿಯಾಗಿರಲು ಒಪ್ಪಿಸಿದವರು ಅವರು. ಆನೆ ಯಾವ ಲೆಕ್ಕ!

ಆ ಅಧ್ಯಾಯಕ್ಕೆ ಮೊದಲು ಭಾವನ ಪೂರ್ವಾಶ್ರಮದ ಬಗ್ಗೆ ಎರಡು ಮಾತು. ಅವರು ಮೂವತ್ತು ವರ್ಷ ಯಕ್ಷಗಾನ ಮೇಳವೊಂದರಲ್ಲಿದ್ದರು. ವೇಷ ಕಟ್ಟಿದವರಲ್ಲ, ಪದ ಹೇಳಿದವರಲ್ಲ, ಪೆಟ್ಟಿಗೆ ಕಟ್ಟಿದವರು. ಸಂಜೆ ಹೊಸ ಊರಿನಲ್ಲಿ ಪೆಟ್ಟಿಗೆ ಬಿಚ್ಚಿ ಕಿರೀಟ, ಗೆಜ್ಜೆಗಳನ್ನು ಹೊರಗೆ ಜೋಡಿಸುವುದು, ಬೆಳಗಾದರೆ ಮತ್ತೆ ತುಂಬುವುದು. ದೇವತೆಗಳನ್ನೂ ರಾಕ್ಷಸರನ್ನೂ ಒಂದೇ ಲಾರಿಯಲ್ಲಿ ಜಗಳವಿಲ್ಲದೆ ಸಾಗಿಸಿದ ಮನುಷ್ಯ. ನಿವೃತ್ತರಾಗಿ ಭಟ್ಕಳದ ತೆಂಗಿನಗುಂಡಿಯಲ್ಲಿ ನೆಲೆಸಿದ ಮೇಲೂ ಚಟ ಬಿಟ್ಟಿಲ್ಲ. ಕುಮಟೆಯ ನಮ್ಮ ಮನೆಗೆ ಬಂದರೆ ಫ್ರಿಜ್ಜಿನೊಳಗಿನ ಬದನೆಕಾಯಿಗಳನ್ನು ಅವುಗಳ ಯೋಗ್ಯತೆಗೆ ತಕ್ಕಂತೆ ಕೂರಿಸಿದ ನಂತರವೇ ತಾವು ಊಟಕ್ಕೆ ಕೂರುತ್ತಾರೆ.

ಇನ್ನು ನನ್ನ ಮಗಳ ವಿಷಯ. ಕಳೆದ ವರ್ಷ ಧಾರವಾಡದ ಕಾಲೇಜೊಂದನ್ನು ಸೇರಿ ಹಾಸ್ಟೆಲ್ಲಿಗೆ ಹೋದವಳು ನಾಲ್ಕನೆಯ ದಿನ ಕುಮಟೆಯ ಬಸ್ ನಿಲ್ದಾಣದಲ್ಲಿ ಇಳಿದಿದ್ದಳು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೋ ಏನೋ! ಆಮೇಲೆ ಒಂದು ವರ್ಷ ಅವಳು ಹಿತ್ತಿಲ ಬಾಗಿಲಿನಿಂದಲೇ ಓಡಾಡಿದಳು; ಎದುರಿನಿಂದ ಹೋದರೆ ಬೀದಿಯವರು "ಎಂತ ತಂಗಿ, ರಜೆಯಾ?" ಎಂದು ಕೇಳುತ್ತಾರಲ್ಲ. ಈ ವರ್ಷ ಮತ್ತೆ ಧಾರವಾಡದಲ್ಲೇ ಸೀಟು ಸಿಕ್ಕಿತು. ಹೋಗುತ್ತೇನೆ ಎಂದವಳೂ ಅವಳೇ, ಅಂದಿನಿಂದ ಅರ್ಧ ಊಟಕ್ಕೇ ಏಳತೊಡಗಿದವಳೂ ಅವಳೇ.

"ಅಪ್ಪಾ, ಈ ಸಲನೂ ಓಡಿ ಬಂದ್ರೆ ಆತು. ಮತ್ತೆ ನಾನು ಯಾವತ್ತೂ ಎಲ್ಲಿಗೂ ಹೋಗೂದಿಲ್ಲ" ಎಂದಳು ಒಂದು ದಿನ. ಬೆದರಿಕೆಯಾಗಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಅದು ಹೆದರಿಕೆಯಾಗಿತ್ತು.

ಸುದ್ದಿ ತಿಳಿದ ಭಾವ ಹೊರಟೇಬಿಟ್ಟರು. ದಾರಿಯಲ್ಲಿ ಇಡಗುಂಜಿಗೆ ಹೋಗಿ ಗಣಪತಿಗೆ ಅಹವಾಲು ಸಲ್ಲಿಸಿ, ಪಂಚಕಜ್ಜಾಯದ ಪೊಟ್ಟಣ, ಒಂದು ಅಳತೆ ಟೇಪು ಮತ್ತು ಒಂದು ಡಬ್ಬಿ ಚಾಕ್‌ಪೀಸುಗಳ ಸಮೇತ ನಮ್ಮ ಜಗಲಿ ಏರಿದರು. ಮಾಸ್ತರನ ಮನೆಗೆ ಚಾಕ್‌ಪೀಸು ಉಡುಗೊರೆ ತಂದ ನೆಂಟರು ಭೂಮಂಡಲದಲ್ಲಿ ಇವರೊಬ್ಬರೇ ಇರಬೇಕು!

ಮೊದಲು ಕಳೆದ ವರ್ಷದ ಬ್ಯಾಗಿನ ಪಂಚನಾಮೆ ನಡೆಯಿತು. ಅದು ಬಂದ ದಿನದಿಂದ ಮಂಚದಡಿ ಹಾಗೇ ಬಿದ್ದಿತ್ತು. ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಭಾವ ಜಿಪ್ಪು ಎಳೆದರು. ನನ್ನ ಹೆಂಡತಿ ಪ್ರೀತಿಯಿಂದ ತುಂಬಿದ್ದ ಒಣ ಸೀಗಡಿ ಚಟ್ನಿ ಈ ಒಂದು ವರ್ಷದಲ್ಲಿ ಸ್ವತಂತ್ರ ಅಭಿಪ್ರಾಯಗಳನ್ನು ಬೆಳೆಸಿಕೊಂಡಿತ್ತು. ನಾವೆಲ್ಲ ಅಂಗಳಕ್ಕೆ ಇಳಿದೆವು. ಭಾವ ಮಾತ್ರ ಮೂಗಿಗೆ ಟವಲು ಕಟ್ಟಿಕೊಂಡು, ಒಂದೊಂದೇ ಸಾಮಾನನ್ನು ಕಲ್ಲಿನ ಮೇಲೆ ಸಾಲಾಗಿಟ್ಟು, ಕಟ್ಟಕಡೆಗೆ, ಹಪ್ಪಳದ ಕಟ್ಟಿನ ಕೆಳಗಿಂದ ಮೊಬೈಲ್ ಚಾರ್ಜರನ್ನು ಎತ್ತಿ ಹಿಡಿದರು.

"ಚಾರ್ಜರ್ ಬೇಕಾದ್ರೆ ಹಪ್ಪಳ ತೆಗೀಬೇಕು. ಹಪ್ಪಳ ಕಂಡ್ರೆ ಮನೆ ನೆನಪಾಗ್ತದೆ. ದಿನಕ್ಕೆ ಎರಡು ಸಲ ಚಾರ್ಜು, ಎರಡು ಸಲ ಅಳು. ನಿನ್ನ ಮಗಳು ಓಡಿ ಬಂದದ್ದಲ್ಲ ಮಾರಾಯ್ತಿ, ನೀನು ಕರೆಸ್ಕೊಂಡದ್ದು!"

"ಹೌದು ಹೌದು, ಎಲ್ಲ ನನ್ನ ತಲೆಗೇ ಕಟ್ಟು" ಎಂದಳು ನನ್ನ ಹೆಂಡತಿ. "ನಿನ್ನ ಮೇಳದ ಭೀಮ ಹೊಟ್ಟೆಗೆ ತಿಂತಿರ್ಲಿಲ್ವಾ?"

"ತಿಂತಿದ್ದ. ಗದೆಯ ಮೇಲೆ ಹಪ್ಪಳ ಇಡ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ನಾನು ಎದ್ದು ಬರುವಾಗ ಜಗಲಿಯ ಮೇಲೆ ಹಾಸ್ಟೆಲ್ ಸ್ಥಾಪನೆಯಾಗಿತ್ತು. ಮಗಳಿಂದ ಅಳತೆ ಕೇಳಿ, ಕೋಣೆಯಲ್ಲಿ ಒಬ್ಬಳ ಪಾಲಿಗೆ ಬರುವ ಆರಡಿಗೆ ಎಂಟಡಿ ಜಾಗವನ್ನು ಭಾವ ಚಾಕ್‌ಪೀಸಿನಲ್ಲಿ ಬರೆದಿದ್ದರು. ಗೋಡೆಗೆ ಒಂದು ಗೆರೆ, ಬಾಗಿಲಿಗೆ ಗೆರೆಯಲ್ಲಿ ಒಂದು ಸಂದು. ಪಕ್ಕದಲ್ಲಿ ಇನ್ನೊಂದು ಚೌಕ.

"ಅದು ಯಾರಿಗೆ ಭಾವ?"

"ನಿಮಗೆ. ನೀವು ಹೋದ ವರ್ಷ ತಂಗಿಯ ಕೋಣೆಯಲ್ಲಿದ್ದ ಬೀದರದ ಹುಡುಗಿ. ಫೋನಿನಲ್ಲಿ ದೊಡ್ಡಕ್ಕೆ ಮಾತಾಡ್ತೀರಿ, ಮಧ್ಯಾಹ್ನ ಗೊರಕೆ ಹೊಡೀತೀರಿ, ತಂಗಿಯ ಬಕೆಟ್ಟು ಕೇಳ್ದೇ ತಕ್ಕೊಂಡು ಹೋಗ್ತೀರಿ."

ಗೊರಕೆಯ ಮಟ್ಟಿಗೆ ಅಭ್ಯಾಸದ ಅಗತ್ಯವಿರಲಿಲ್ಲ. ಉಳಿದದ್ದನ್ನು ನಾನು ಕಷ್ಟಪಟ್ಟು ಕಲಿತೆ.

"ಮಾವಾ, ಬೀದರದ ಹುಡುಗಿಗೆ ಮೀಸೆ ಉಂಟಲ್ಲ!"

"ಹಾಸ್ಟೆಲ್ಲಂದ್ರೆ ಎಂತೆಂಥವರೂ ಇರ್ತಾರೆ ತಂಗಿ. ಹೊಂದ್ಕೊಂಡು ಹೋಗ್ಬೇಕು."

ಮಗಳು ನಕ್ಕಳು. ಆ ಮನೆಯಲ್ಲಿ ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು!

ಹತ್ತು ದಿನದ ತಾಲೀಮಿಗೆ ನಿಯಮಗಳು ಕಟ್ಟುನಿಟ್ಟು. ಗೆರೆ ದಾಟುವಂತಿಲ್ಲ, ಬಾಗಿಲಿನಿಂದಲೇ ಬರಬೇಕು. ಚಹಾ ತಂದ ನನ್ನ ಹೆಂಡತಿ ಮರೆತು ನೇರ ನಡೆದರೆ "ಗೋಡೆ! ಗೋಡೆ!" ಎಂದು ಭಾವ ಕೂಗುತ್ತಿದ್ದರು. ಅವಳು ವಾಪಸು ಹೋಗಿ, ಸುತ್ತಿ, ಸಂದಿನಿಂದ ಬರುವಷ್ಟರಲ್ಲಿ ಚಹಾ ಹಾಸ್ಟೆಲ್ ಚಹಾದಷ್ಟೇ ತಣ್ಣಗಾಗಿರುತ್ತಿತ್ತು. ಗೋಡೆ ಹಾಯುವ ಪರವಾನಗಿ ಇದ್ದದ್ದು ಬೆಕ್ಕಿಗೆ ಮಾತ್ರ.

ಮೂರನೆಯ ದಿನ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿದವಳು ಗೆರೆಗಳನ್ನು ನೋಡಿದಳು. ಒಂದು ಚೌಕದಲ್ಲಿ ನಾನು, ಇನ್ನೊಂದರಲ್ಲಿ ಮಗಳು, ನಡುವೆ ಟೇಪು ಹಿಡಿದ ಭಾವ.

"ಅಯ್ಯೋ ಮಾಸ್ತರೇ, ಮನೆ ಪಾಲಾತಾ?"

"ಇಲ್ಲ, ಇದು ಹಾಸ್ಟೆಲ್ಲು."

"ಹಾಂಗಾರೆ ಮೀನು ಯಾವ ಮನೆಗೆ ಕೊಡೂದು?" ಎಂದು ಅವಳು ಅತ್ಯಂತ ಅನುಕಂಪದಿಂದ ಕೇಳಿದಳು. ಸಂಜೆಯೊಳಗೆ ಹೊನ್ನಾವರದಿಂದ ಫೋನು ಬಂತು. ನನ್ನ ತಂಗಿ ಅಳುತ್ತ, "ಅಣ್ಣಾ, ನೀನು ಯಾವ ಬದಿಗೆ?" ಎಂದಳು. ಬಿಸಿಲು ಬೀಳದ ಬದಿಗೆ ಎಂದೆ.

ತಮಾಷೆ ಸರಿ, ಇದೆಲ್ಲ ಎಂತಕ್ಕೆ? ಮಗಳೂ ಅದನ್ನೇ ಕೇಳಿದಳು. ಭಾವ ಮೊದಲ ಸಲ ಟೇಪು ಕೆಳಗಿಟ್ಟರು.

"ನಮ್ಮ ಚೌಕಿ ಗೊತ್ತಲ್ಲ? ವೇಷದವರು ಬಣ್ಣ ಬಳ್ಕೊಳ್ಳೂ ಮನೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಇವತ್ತು ಜಾಲಿಯಲ್ಲಿ ಆಟ, ನಾಳೆ ಇನ್ನೆಲ್ಲೋ. ಊರು ಬದಲಾಗ್ತದೆ, ಜಾಗ ಬದಲಾಗೂದಿಲ್ಲ. ಬಲಕ್ಕೆ ಕನ್ನಡಿ, ಎಡಕ್ಕೆ ನೀರಿನ ಚೊಂಬು, ಬೆನ್ನಿಗೆ ಪೆಟ್ಟಿಗೆ. ಕೂತ್ರೆ ಕೈಗೆ ಎಲ್ಲ ಗೊತ್ತಿರ್ತದೆ. ಕೈಗೆ ಗೊತ್ತಾದ್ರೆ ಮನಸ್ಸೂ ಮೆಲ್ಲ ಬಂದು ಕೂರ್ತದೆ. ನಿಂಗೆ ಹೋದ ವರ್ಷ ಸಾಮಾನು ಇತ್ತು ತಂಗಿ, ಜಾಗ ಇರ್ಲಿಲ್ಲ."

"ನಿಮ್ಮ ಜಾಗ ಎಲ್ಲಿತ್ತು ಮಾವಾ, ಚೌಕೀಲಿ?"

"ನಂದಾ? ನಾನು ಪೆಟ್ಟಿಗೆ ಕಟ್ಟೂವವ. ನಂಗೆಂತ ಜಾಗ? ಖಾಲಿ ಪೆಟ್ಟಿಗೆ ಯಾವುದುಂಟೋ ಅದ್ರ ಮೇಲೆ ಕೂರೂದು" ಎಂದು ಮತ್ತೆ ಟೇಪು ಎತ್ತಿಕೊಂಡರು.

ಅಂದಿನಿಂದ ಅವಳು ಬೆಳಿಗ್ಗೆ ಬಿಚ್ಚಿ, ಸಂಜೆ ಕಟ್ಟಿದಳು. ಬಲಕ್ಕೆ ನೀರಿನ ಬಾಟಲಿ, ಎಡಕ್ಕೆ ಬಾಚಣಿಗೆ ಡಬ್ಬಿ, ತಲೆಯ ಬದಿಗೆ ಪುಸ್ತಕ. ಚಾರ್ಜರು ಎಲ್ಲಕ್ಕಿಂತ ಮೇಲೆ, ಹಪ್ಪಳ ಎಲ್ಲಕ್ಕಿಂತ ಕೆಳಗೆ. ಏಳನೆಯ ದಿನ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಜೋಡಿಸಿದಳು. ಒಂಬತ್ತನೆಯ ದಿನ ಬಕೆಟ್ಟು ಕದ್ದ ಬೀದರದ ಹುಡುಗಿಯನ್ನು ಎಂಥ ತರಾಟೆಗೆ ತೆಗೆದುಕೊಂಡಳೆಂದರೆ, ನನ್ನ ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಹೆಡ್ಮಾಸ್ತರರೂ ನನಗೆ ಹಾಗೆ ಬೈದಿರಲಿಲ್ಲ. ಭಾವ ಕಣ್ಣು ಮುಚ್ಚಿ ಕೇಳಿ, "ಹಾಂ, ಈಗ ತಯಾರು" ಎಂದರು.

ನಾನು ಕೊಂಡು ತಂದಿದ್ದ ಚಕ್ರದ ಸೂಟ್‌ಕೇಸನ್ನು ಅವರು ತಿರಸ್ಕರಿಸಿದರು. "ಚಕ್ರ ಇದ್ರೆ ವಾಪಸು ಬರೂದು ಸುಲಭ ಭಾವ!" ಹೀಗಾಗಿ ಇಬ್ಬರು ಹೊರಬೇಕಾದ ತಗಡಿನ ಟ್ರಂಕು ಹೊರಟಿತು. ಅದರ ಮೇಲ್ಪದರದಲ್ಲಿ ಚಾರ್ಜರಿನ ಜೊತೆ ಪಂಚಕಜ್ಜಾಯ, ಅದರ ಪಕ್ಕ ಡಬ್ಬಿಯಲ್ಲಿ ಉಳಿದಿದ್ದ ಮೂರು ಚಾಕ್‌ಪೀಸು.

ಧಾರವಾಡಕ್ಕೆ ಬಿಟ್ಟು ಬಂದವನು ನಾನು. ಭಾವ ತಮ್ಮ ಮೊಣಕಾಲಿಗೆ ಬಸ್ಸಿನ ಪ್ರಯಾಣ ಆಗುವುದಿಲ್ಲ ಎಂದು ನಮ್ಮಲ್ಲೇ ಉಳಿದರು. ತೆಂಗಿನಗುಂಡಿಯಿಂದ ಬರುವಾಗ ಅದೇ ಮೊಣಕಾಲು ತಕರಾರೆತ್ತಿರಲಿಲ್ಲ ಎಂಬುದನ್ನು ನಾನು ಸೌಜನ್ಯದಿಂದ ಮರೆತೆ. ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿ, ಫೋನಿನ ಎದುರು ಕೂತರು. ಒಂದನೆಯ ದಿನ. ಎರಡು. ಮೂರು. ಫೋನು ಬಂದಾಗಲೆಲ್ಲ ಮಗಳದು "ಹೂಂ, ಆರಾಮ" ಎಂಬಷ್ಟೇ ಮಾತು. ನಾಲ್ಕನೆಯ ದಿನ ಧಾರವಾಡದ ಬಸ್ಸು ಬರುವ ಹೊತ್ತಿಗೆ ನನ್ನ ಹೆಂಡತಿ ಮೂರು ಸಲ ಗೇಟಿಗೆ ಹೋದಳು. ಭಾವನ ಎಲೆಯಡಿಕೆ ಬಾಯಲ್ಲೇ ಇತ್ತು, ಅಗಿಯುವುದು ನಿಂತಿತ್ತು.

ಬಸ್ಸು ಬಂತು. ಅವಳು ಬರಲಿಲ್ಲ. ಫೋನು ಬಂತು.

"ಅಪ್ಪಾ, ಮಾವನಿಗೆ ಹೇಳು, ಚಾಕ್‌ಪೀಸು ಮುಗೀತು. ಇಲ್ಲಿ ನನ್ನ ರೂಮಿನ ಮೂರೂ ಜನ ಅಳ್ತಾ ಕೂತಿದ್ರು. ಎಲ್ಲರಿಗೂ ಜಾಗ ಬರ್ದು ಕೊಟ್ಟೆ."

ಮರುದಿನ ಬೆಳಿಗ್ಗೆ ಹೆಂಡತಿ ಬಕೆಟ್ಟು, ಬಟ್ಟೆ ಹಿಡಿದು ಜಗಲಿಗೆ ಬಂದಳು. "ಅಣ್ಣಾ, ಎಲ್ಲ ಸಸೂತ್ರ ಆತಲ್ಲ. ಇನ್ನು ಒರೆಸ್ತೆ."

"ಅವಳ ಜಾಗ ಮುಟ್ಬೇಡ. ವೇಷದವ ರಜೆ ಹಾಕಿದ್ರೂ ಚೌಕೀಲಿ ಅವನ ಜಾಗ ಯಾರೂ ತೆಗೆಯೂದಿಲ್ಲ."

"ಆತು ಮಾರಾಯ, ಅದು ಇರ್ಲಿ. ನಿನ್ನ ಚಾಪೆಯಾದ್ರೂ ಎತ್ತು."

"ಮೊಣಕಾಲು ನೋಯ್ತದೆ."

ತಂಗಿಯಲ್ಲವೇ, ಬಿಡುತ್ತಾಳೆಯೇ? ಚಾಪೆಯ ತುದಿ ಹಿಡಿದು ಎಳೆದಳು. ಕೆಳಗೆ ಒಂದು ಪುಟ್ಟ ಚೌಕವಿತ್ತು, ಗೆರೆ ಸ್ವಲ್ಪ ಸೊಟ್ಟ. ಬಲಕ್ಕೆ ಎಲೆಯಡಿಕೆ ಸಂಚಿ ಇಡಲು ಒಂದು ದುಂಡನೆಯ ಗೆರೆ. ನಡುವೆ ನನ್ನ ಮಗಳ ಅಕ್ಷರದಲ್ಲಿ, "ಮಾವ".

ಭಾವ ಬೀದಿಯ ಕಡೆ ನೋಡುತ್ತ ಹೇಳಿದರು: "ಹೊರಡೂ ದಿನ ಬರ್ದಿಟ್ಟು ಹೋಗಿದ್ಲು. ಕಾಲಿಗೆ ಸಿಕ್ಕಿ ಅಳಿಸಿ ಹೋದ್ರೆ ಅಂತ ಚಾಪೆ ಹಾಸಿದೆ."

ನನ್ನ ಹೆಂಡತಿ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಚಾಪೆಯನ್ನು ಮೊದಲಿನ ಹಾಗೆ ಹಾಸಿದಳು. ಬಕೆಟ್ಟು ಎತ್ತಿಕೊಂಡು, ಗೆರೆಗಳನ್ನು ಸುತ್ತಿ, ಚೌಕಗಳ ನಡುವೆ ಹಾದು, ಒಳಗೆ ಹೋದಳು.