ವಿಚಾರಿಸಿಕೊಂಡು ಬರುವ ಅತ್ತೆ

ನಮ್ಮ ಸೋದರತ್ತೆಯ ಕೈಗೆ ದೇಶದ ಖಜಾನೆಯ ಬೀಗದಕೈ ಕೊಟ್ಟು ನೋಡಿ. ಒಂದು ಪೈಸೆ ಪೋಲಾಗುವುದಿಲ್ಲ, ಬೇಕಾದರೆ ನಾನು ಬರೆದುಕೊಡುತ್ತೇನೆ. ದೇಶಕ್ಕೆ ಒಂದು ಸಾಮಾನೂ ಬರುವುದಿಲ್ಲ, ಅದು ಬೇರೆ ಮಾತು! ಯಾಕೆಂದರೆ ಅತ್ತೆ ಕೊಳ್ಳುವವಳಲ್ಲ, ವಿಚಾರಿಸುವವಳು.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಮನೆ, ಪಕ್ಕದ್ದೇ ನಮ್ಮದು. ಮೊದಲು ಈ ವಿಚಾರಣೆಗೆ ಒಂದು ಮಿತಿಯಿತ್ತು. ಕಡೂರಿಗೆ ಹೋಗಿ ಬೆಲೆ ಕೇಳಿ ಬರಲು ಬಸ್ ಚಾರ್ಜು ಕೊಡಬೇಕು, ಅದರ ಬದಲು ಇಲ್ಲೇ ಕೊಂಡರೆ ವಾಸಿ ಎನ್ನುವ ಲೆಕ್ಕ ಅವಳಿಗೂ ಗೊತ್ತಿತ್ತು. ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅಲ್ಲಿಗೆ ಮುಗಿಯಿತು! ಆಧಾರ್ ಕಾರ್ಡು ಹಿಡಿದು ಬೆಳಿಗ್ಗೆ ಕಡೂರು, ಮಧ್ಯಾಹ್ನ ಅಜ್ಜಂಪುರ, ದೀಪ ಹಚ್ಚುವ ಹೊತ್ತಿಗೆ ಮನೆ. ಖರ್ಚೇ ಇಲ್ಲದ ಕೆಲಸವನ್ನು ಯಾರಾದರೂ ಯಾಕೆ ನಿಲ್ಲಿಸಬೇಕು ಹೇಳಿ?

ಮೊದಲ ಬಲಿ ಕುಕ್ಕರ್ ಗ್ಯಾಸ್ಕೆಟ್ಟು. ಹಳೆಯದು ಸಡಿಲವಾಗಿತ್ತು. ಅತ್ತೆ ಮೂರೂ ಊರಿನ ಪಾತ್ರೆ ಅಂಗಡಿಗಳನ್ನು ವಿಚಾರಿಸಿದಳು. ಅಷ್ಟು ದಿನವೂ ಮನೆಯಲ್ಲಿ ಬೇಳೆ ತಪ್ಪಲೆಯಲ್ಲೇ ಬೆಂದಿತು, ಬೇಯದೆ ಉಳಿದದ್ದನ್ನು ಮಾವ ಅಗಿದರು. ಕೊನೆಗೂ ಅಜ್ಜಂಪುರದಲ್ಲಿ ಅಗ್ಗಕ್ಕೆ ಸಿಕ್ಕಿತು, ತಂದಳು. ಕುಕ್ಕರಿಗೆ ಕೂರಲಿಲ್ಲ. ಎಲ್ಲಾ ಅಂಗಡಿಯ ಬೆಲೆಯೂ ಅವಳ ಬಾಯಲ್ಲಿತ್ತು, ತನ್ನ ಕುಕ್ಕರು ಎಷ್ಟು ಲೀಟರಿನದು ಅನ್ನುವುದು ಮಾತ್ರ ಮರೆತುಹೋಗಿತ್ತು. ಬಸ್ಸು ಉಚಿತವಾಯಿತೇ ಹೊರತು ತಲೆಯಲ್ಲಿ ಸೀಟು ಹೆಚ್ಚಾಗಲಿಲ್ಲ ನೋಡಿ.

ಬೀದಿಯವರೂ ತಮ್ಮ ಕೆಲಸಗಳನ್ನು ಅವಳಿಗೆ ವಹಿಸತೊಡಗಿದರು. ಎದುರು ಮನೆಯ ಟೈಲರ್ ಸಾಬರು ಕಡೂರಿನಲ್ಲಿ ಲೈನಿಂಗ್ ಬಟ್ಟೆ ಏನು ರೇಟು ಕೇಳಿಕೊಂಡು ಬನ್ನಿ ಎಂದಿದ್ದರು. ಅತ್ತೆ ಸಂಜೆ ಬಂದವಳೇ ಅವರ ಮುಂದೆ ಈರುಳ್ಳಿಯ ಧಾರಣೆ ಒಪ್ಪಿಸಿದಳು.

"ಅಕ್ಕಾ, ನಾನ್ ಕೇಳಿದ್ದು ಲೈನಿಂಗ್ ಬಟ್ಟೆ ಕಣಕ್ಕಾ" ಅಂದರು ಸಾಬರು.

"ಬಟ್ಟೆ ಎಲ್ಲಿಗ್ ಹೋಗುತ್ತೆ ಬಿಡಪ್ಪ. ಈರುಳ್ಳಿ ನಾಳೆ ಏರುತ್ತಂತೆ, ಇವತ್ತೇ ತಗೊಂಬಿಡು."

ಸಾಬರು ಪಾಪ, ಒಂದು ಚೀಲ ತಗೊಂಡರು. ಮಾರನೆಯ ದಿನ ಈರುಳ್ಳಿ ಇಳಿಯಿತು.

ಇಷ್ಟರವರೆಗೆ ನಗುವ ವಿಷಯ. ಮಾವನ ಕಿವಿಯ ವಿಷಯ ಬಂದಾಗ ನನಗೆ ನಗು ಬರುವುದು ನಿಂತಿತು. ಅವರಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಜಗಲಿಯ ಹರಟೆಗೆ ಬರುವುದನ್ನು ಬಿಟ್ಟರು. ಊಟ ಆಯಿತೇ ಅಂದರೆ, ಮಳೆ ಬರಲಿಕ್ಕಿಲ್ಲ ಅನ್ನುತ್ತಿದ್ದರು. ನಾವು ನಕ್ಕರೆ ತಾವೂ ನಗುತ್ತಿದ್ದರು, ಯಾತಕ್ಕೆಂದು ತಿಳಿಯದೆ. ಡಾಕ್ಟರು ಪರೀಕ್ಷೆ ಮಾಡಿ ಕಿವಿಗೆ ಮಿಷಿನ್ ಹಾಕಿಸಿ, ತಡಮಾಡಬೇಡಿ ಎಂದರು. ಅಂದರೆ ಇನ್ನೊಂದು ವಿಚಾರಣೆ ಶುರು!

ಅತ್ತೆ ಒಬ್ಬಳೇ ಹೊರಟಳು. ಕಡೂರಿನ ಅಂಗಡಿಯವನು, "ಯಜಮಾನ್ರನ್ನ ಕರ್ಕೊಂಡ್ ಬನ್ನಿ ಅಮ್ಮ, ಕಿವಿ ನೋಡ್ದೆ ಮಿಷಿನ್ ಹೆಂಗ್ ಹೇಳ್ಲಿ?" ಅಂದನಂತೆ.

"ಮೊದ್ಲು ನೀನ್ ರೇಟ್ ಹೇಳಪ್ಪ, ಆಮೇಲೆ ಕಿವಿ ಕರ್ಕೊಂಡ್ ಬತ್ತೀನಿ" ಅಂದಳಂತೆ ಇವಳು.

ಮಾವನನ್ನು ಯಾಕೆ ಕರೆದೊಯ್ಯಲಿಲ್ಲ ಎಂದು ನಾನು ಕೇಳಿದೆ. "ಅವ್ರಿಗೆ ಟಿಕೆಟ್ ಆಗುತ್ತೆ ಕಣೋ. ಬರೀ ವಿಚಾರ್ಸಕ್ಕೆ ಯಾಕೆ ದಂಡ?" ಎಂದಳು.

ಕಡೂರಾಯಿತು, ಚಿಕ್ಕಮಗಳೂರಾಯಿತು, ಶಿವಮೊಗ್ಗವೂ ಆಯಿತು. ಕಿವಿಯ ಹಿಂದೆ ಕೂರುವುದು, ಒಳಗೆ ಕೂರುವುದು, ಸೆಲ್ ಹಾಕುವುದು, ಚಾರ್ಜು ಮಾಡುವುದು. ಒಂದೊಂದು ಅಂಗಡಿಗೆ ಹೋಗಿ ಬಂದಾಗಲೂ ಅವಳಿಗೆ ಗೊತ್ತಿರುವುದು ಹೆಚ್ಚುತ್ತಿತ್ತು, ಕೊಳ್ಳುವ ದಿನ ಹಿಂದೆ ಸರಿಯುತ್ತಿತ್ತು. ಹತ್ತಿರ ಹತ್ತಿರ ಒಂದು ವರ್ಷ ಕಳೆಯಿತು. ಮಾವ ಈಗ ತಾವಾಗಿ ಮಾತಾಡುವುದೂ ಕಡಿಮೆಯಾಗಿತ್ತು.

ಆದರೆ ಸಂಜೆಯ ವರದಿ ಒಂದು ದಿನವೂ ತಪ್ಪಿರಲಿಲ್ಲ. ಅದು ಅವರ ಮದುವೆಯಾದಾಗಿನಿಂದ ಬಂದ ಪದ್ಧತಿ. ಅತ್ತೆ ಕಾಫಿ ಲೋಟ ಕೊಟ್ಟು ಎದುರು ಕೂತು, ಆ ದಿನ ಎಲ್ಲಿ ಏನು ಬೆಲೆ, ಯಾರು ಏನಂದರು ಎಲ್ಲವನ್ನೂ ಹೇಳುವುದು, ಮಾವ ತಲೆಯಾಡಿಸುವುದು. ಆವತ್ತು ನಾನೂ ಅಲ್ಲೇ ಇದ್ದೆ. ಅತ್ತೆ ಶಿವಮೊಗ್ಗದ ಮಿಷಿನಿನ ಗುಣಗಾನ ಮಾಡುತ್ತಾ ಏನೋ ನೆನಪಾಗದೆ ನಡುವೆ ನಿಲ್ಲಿಸಿದಳು. ಮಾವ ತಲೆಯಾಡಿಸುತ್ತಲೇ ಇದ್ದರು. ಅತ್ತೆ ಅವರನ್ನೇ ನೋಡಿದಳು. ಅವರು ಅವಳ ಮುಖ ನೋಡುತ್ತಾ, ಪ್ರೀತಿಯಿಂದ, ಇನ್ನೂ ತಲೆಯಾಡಿಸುತ್ತಿದ್ದರು. ಅತ್ತೆ ಲೋಟ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಇಬ್ಬರೂ ಕಡೂರಿನ ಬಸ್ಸು ಹತ್ತಿದರು. ಮಾವನಿಗೆ ಅವಳೇ ಟಿಕೆಟ್ ತಗೊಂಡಳಂತೆ. ಇಳಿದವಳು ನೇರವಾಗಿ, ಮೊಟ್ಟಮೊದಲು ವಿಚಾರಿಸಿದ್ದ ಅಂಗಡಿಗೇ ನಡೆದಳಂತೆ. ಅಂಗಡಿಯವನು ರೇಟು ಹೇಳಲು ಬಾಯಿ ತೆರೆದರೆ, "ಅದಿರ್ಲಿ, ಮೊದ್ಲು ಹಾಕಪ್ಪ" ಅಂದಳಂತೆ. ಅವನಿಗೆ ಗಾಬರಿಯಾಗಿರಬೇಕು.

ಮಧ್ಯಾಹ್ನ ನಾನು ಹೋದಾಗ ಮಾವ ಜಗಲಿಯಲ್ಲಿ ಕೂತಿದ್ದರು. ಅಡುಗೆಮನೆಗೆ ಹೋಗಿ ಅತ್ತೆಯನ್ನು ಛೇಡಿಸೋಣವೆಂದು ಅಂದೆ: "ಅಲ್ಲತ್ತೆ, ಶಿವಮೊಗ್ಗದಲ್ಲಿ ಇನ್ನೂ ಕಮ್ಮಿಗೆ ಸಿಗುತ್ತೆ ಅಂತ ನೀನೇ ಹೇಳಿದ್ಯಲ್ಲ?"

ಅತ್ತೆ ಬಾಯಿಯ ಮೇಲೆ ಬೆರಳಿಟ್ಟಳು. "ಮೆಲ್ಲಗ್ ಮಾತಾಡೋ. ಅವ್ರಿಗೆ ಕೇಳ್ಸುತ್ತೆ."

ಅಷ್ಟರಲ್ಲಿ ಜಗಲಿಯಿಂದ ಮಾವನ ದನಿ ಬಂತು. "ಶಿವಮೊಗ್ಗದಲ್ಲಿ ಎಷ್ಟಂತೆ ಕಣೇ?"

ಊರೂರ ಬೆಲೆ ಬಾಯಿಪಾಠ ಹೇಳುವ ಅತ್ತೆ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.